ಆಚೆ ಕಡೆಯ ವೈಪರ್

ನಾನೊಂದು ವೈಪರ್. ಮಳೆ ಬಂದಾಗ ಕಾರಿನ ಮುಂದಿನ ಗಾಜಿನ ಮೇಲೆ ಅತ್ತಿಂದಿತ್ತ ಓಡಾಡಿ ನೀರು ಒರೆಸುವುದು ನನ್ನ ಕೆಲಸ. ಕಾರಿಗೆ ನಮ್ಮಂಥವರು ಇಬ್ಬರು ಬೇಕು. ಒಬ್ಬ ಡ್ರೈವರ್ ಕಡೆಯವನು, ಉದ್ದದವನು. ಇನ್ನೊಬ್ಬ ಆಚೆ ಕಡೆಯವನು, ಗಿಡ್ಡ. ನಾನು ಗಿಡ್ಡ. ಇಷ್ಟು ಹೇಳಿದ ಮೇಲೆ ನನ್ನ ಹೊಟ್ಟೆಕಿಚ್ಚಿಗೆ ಕಾರಣವೇನೆಂದು ನೀವು ಕೇಳಲಾರಿರಿ. ಆದರೂ ಹೇಳುತ್ತೇನೆ, ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಅನ್ಯಾಯ ಹುಟ್ಟಿದಲ್ಲಿಂದಲೇ ಶುರುವಾಯಿತು. ಕಾರ್ಖಾನೆಯಲ್ಲಿ ಕರಿ ರಬ್ಬರನ್ನು ಬಿಸಿ ಮಾಡಿ ಪಟ್ಟಿ ಮಾಡುತ್ತಾರೆ. ಪಟ್ಟಿಗಳು ಜೋಡಿಯಾಗಿ, ಅಂಚಿಗೆ ಅಂಚು ಅಂಟಿಕೊಂಡೇ ಬರುತ್ತವೆ. ಆಮೇಲೆ ಒಂದು ಬ್ಲೇಡು ಅವುಗಳ ನಡುವೆ ಸೀಳಿಕೊಂಡು ಹೋಗುತ್ತದೆ. ಸೀಳಿದ ಆ ಚೂಪು ಅಂಚೇ ನಮ್ಮ ಬದುಕು. ಅದು ನೆಟ್ಟಗಿರುವ ತನಕ ಮಾತ್ರ ನಮಗೆ ಬೆಲೆ. ನಾನೂ ಅವನೂ ಹಾಗೆ ಒಂದೇ ಜೋಡಿಯಿಂದ ಬೇರೆಯಾದವರು, ಅಲ್ಲಿಯವರೆಗೆ ಸರಿಸಮಾನರು. ಮುಂದಿನ ಮೇಜಿನಲ್ಲಿ ಅಳತೆಗೆ ಕತ್ತರಿಸುವಾಗ ಅವನು ಉದ್ದ ಉಳಿದ, ನನ್ನ ತುದಿ ಹಾರಿಹೋಯಿತು. ಆ ತುಂಡು ಬುಟ್ಟಿಗೆ ಬಿದ್ದದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಪಡುಬಿದ್ರಿ ಪೇಟೆಯ ಹಸನಬ್ಬನವರ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಾವಿಬ್ಬರೂ ಒಂದೇ ಮೊಳೆಗೆ ತೂಗಿಕೊಂಡಿದ್ದೆವು. ಒಂದು ದಿನ ಬಿಳಿ ಬಣ್ಣದ ಹಳೆಯ ಕಾರೊಂದು ಬಂದು ನಿಂತಿತು. ಇಳಿದವರು ವಾಮನ ಸಾಲ್ಯಾನರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗತ್ತು. ಅವರ ಹೆಂಡತಿ ಗುಲಾಬಿಯಕ್ಕ ಕಾರಿನಲ್ಲೇ ಕೂತಿದ್ದರು.

"ಸಾದಾ ಒಂದು ಕೊಡಿ ಹಸನಬ್ಬ, ನೀರು ಹೋದ್ರೆ ಆಯ್ತು," ಎಂದರು ವಾಮನರು.

"ಹಾಗೆ ಆಗುದಿಲ್ಲ ವಾಮನಣ್ಣ, ಅಳತೆ ನೋಡ್ಬೇಕು. ಡ್ರೈವರ್ ಕಡೆಗೆ ಉದ್ದದ್ದು, ಆಚೆ ಕಡೆಗೆ ಗಿಡ್ಡದ್ದು. ಎರಡೂ ಉದ್ದ ಹಾಕಿದ್ರೆ ಒಂದಕ್ಕೊಂದು ಹೊಡ್ಕೊಳ್ತದೆ."

"ಆಚೆ ಕಡೆಗೆ ಎಂತಕ್ಕೆ ಮಾರಾಯ್ರೆ? ಅಲ್ಲಿ ಯಾರು ನೋಡ್ಲಿಕ್ಕುಂಟು?"

ಕಾರಿನ ಕಿಟಕಿಯಿಂದ ಗುಲಾಬಿಯಕ್ಕನ ತಲೆ ಹೊರಗೆ ಬಂತು. "ನಾನಿಲ್ವಾ? ಎರಡೂ ತಕೊಳ್ಳಿ."

ಹೀಗೆ ನಾನು ಮಾರಾಟವಾದೆ. ಅವನಿಗಾಗಿ ಅಂಗಡಿಗೆ ಬಂದವರು, ಜೊತೆಗೆ ನನ್ನನ್ನೂ ಒಯ್ದರು. ಅಂದಿನಿಂದ ನನ್ನ ಹೆಸರೇ "ಆಚೆ ಕಡೆದು" ಎಂದಾಯಿತು.

ವಾಮನರ ಮನೆಯ ಕಸುಬು ಕೋರಿ ರೊಟ್ಟಿ. ತೆಳ್ಳಗೆ, ಗರಿಗರಿಯಾಗಿ ಕಾಯಿಸಿದ ಅಕ್ಕಿ ರೊಟ್ಟಿ ಅದು. ನಮ್ಮ ಕಡೆಯವರು ಅದನ್ನು ತಟ್ಟೆಗೆ ಮುರಿದು ಹಾಕಿ ಮೇಲಿಂದ ಕೋಳಿ ಸಾರು ಹೊಯ್ದು ತಿನ್ನುತ್ತಾರೆ. ಗುಲಾಬಿಯಕ್ಕ ಬೆಳಿಗ್ಗೆದ್ದು ಕಾವಲಿಯ ಮುಂದೆ ಕೂತು ಅದನ್ನು ಮಾಡುತ್ತಿದ್ದರು. ಕಟ್ಟುಗಳನ್ನು ಹಿಂದಿನ ಸೀಟಿನಲ್ಲಿ ಜೋಡಿಸಿ, ಇಬ್ಬರೂ ಹೊರಟು ಮೂಲ್ಕಿಯಿಂದ ಕಾಪುವಿನ ತನಕ ಹೋಟೆಲುಗಳಿಗೆ ಹಾಕುತ್ತಿದ್ದರು. ಆ ರೊಟ್ಟಿಯ ಸ್ವಭಾವ ಎಂಥದೆಂದರೆ, ಬ್ರೇಕು ಸ್ವಲ್ಪ ಜೋರಾಗಿ ಒತ್ತಿದರೂ ಸಾಕು, ಒಳಗೆ ಪುಡಿ. ಪುಡಿ ರೊಟ್ಟಿ ಯಾವ ಹೋಟೆಲಿನವನಿಗೂ ಬೇಡ. ಹಾಗಾಗಿ ಎದುರಿಗೆ ಏನಿದೆಯೆಂದು ಮೊದಲೇ ಕಂಡು ಮೆಲ್ಲ ನಿಲ್ಲಿಸುವುದೇ ಆ ಮನೆಯ ಅನ್ನ.

ವಾಮನರು ಕಾರು ಹತ್ತಿದರೆ ಮೊದಲು ನೋಡುವುದು ಅವನನ್ನು. ಅಂಗಿಯ ತುದಿಯಿಂದ ಅವನ ಮುಂದಿನ ಗಾಜು ಉಜ್ಜುವರು. ಹಕ್ಕಿ ಹಿಕ್ಕೆ ಹಾಕಿದ್ದು ನನ್ನ ಕಡೆಯಾದರೆ "ಮಳೆಗೆ ಹೋಗ್ತದೆ" ಎನ್ನುವರು. ಅವನ ಕಡೆಯಾದರೆ ಬಾಲ್ದಿಯಲ್ಲಿ ನೀರು ಬರುತ್ತಿತ್ತು. ಆಯುಧ ಪೂಜೆಗೆ ಅವನ ಕತ್ತಿಗೆ ಮಲ್ಲಿಗೆಯ ಮಾಲೆ ಸುತ್ತಿದರು, ಗಂಧ ಹಚ್ಚಿದರು. ನನಗೆ ಉಳಿದ ನೂಲಿನಲ್ಲಿ ಒಂದು ಚೆಂಡು ಹೂ ಕಟ್ಟಿದರು. ಅದೂ ಸಂಜೆಯೊಳಗೆ ಉದುರಿಹೋಯಿತು.

ಆಚೆ ಕಡೆ ಕೂತವರ ಕೆಲಸವಾದರೂ ಏನು? ಬಾಯಿ. ದಾರಿಯುದ್ದಕ್ಕೂ ಗುಲಾಬಿಯಕ್ಕ ಮಾತಾಡುತ್ತಲೇ ಇರುತ್ತಿದ್ದರು.

"ಎದುರು ಬಸ್ಸು ಬರ್ತಾ ಉಂಟು."

"ಗೊತ್ತುಂಟು, ಗೊತ್ತುಂಟು."

"ಎಡಗಡೆ ಸೈಕಲ್. ಅಜ್ಜ ಒಬ್ರು ದಾಟ್ತಾ ಇದ್ದಾರೆ ನೋಡಿ."

"ನಂಗೇನು ಕಣ್ಣಿಲ್ವಾ?"

ಕಣ್ಣಿತ್ತು, ಆದರೆ ಅದಕ್ಕೆ ಪೊರೆ ಬಂದಿತ್ತು. ಇದು ಅವರಿಬ್ಬರಿಗೆ ಬಿಟ್ಟರೆ ನಮಗೆ ಮಾತ್ರ ಗೊತ್ತು, ಬಾನೆಟ್ಟಿನ ಮೇಲೆ ಕೂತವರಿಗೆ ಎಲ್ಲ ಕೇಳಿಸುತ್ತದೆ. ಡಾಕ್ಟರಲ್ಲಿ ಹೋಗುವಾ ಎಂದು ಗುಲಾಬಿಯಕ್ಕ ಹೇಳಿದಾಗಲೆಲ್ಲ ವಾಮನರದು ಒಂದೇ ಉತ್ತರ. "ಆಪರೇಷನ್ ಮಾಡಿದ್ರೆ ತಿಂಗಳುಗಟ್ಟಲೆ ಸ್ಟೇರಿಂಗ್ ಮುಟ್ಲಿಕ್ಕಿಲ್ಲ. ಅಷ್ಟರೊಳಗೆ ಹೋಟ್ಲಿನವರು ಬೇರೆಯವರ ರೊಟ್ಟಿ ಹಿಡೀತಾರೆ. ಮತ್ತೆ ನಾವೆಂತ ಮಾಡುದು? ಯಾರಿಗೂ ಹೇಳ್ಬೇಡ ನೀನು." ಗುಲಾಬಿಯಕ್ಕ ಹೇಳಲಿಲ್ಲ. ಬದಲಿಗೆ ದಿನಾ ಪಕ್ಕದಲ್ಲಿ ಕೂತು ಬಸ್ಸು, ಸೈಕಲ್ಲು, ಅಜ್ಜ ಎಂದು ಹೇಳುತ್ತಿದ್ದರು. ನಾನು ಇದನ್ನೆಲ್ಲ ಕಿವಿಗೆ ಹಾಕಿಕೊಂಡರೂ ತಲೆಗೆ ಹಾಕಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ಸ್ಟೇರಿಂಗ್ ಹಿಡಿದವರು ನೋಡುವುದು ಅವನು ಒರೆಸಿದ ಗಾಜಿನಿಂದ. ಒಂದೇ ಒಂದು ಮಳೆಗಾದರೂ ಆ ಜಾಗ ನನಗೆ ಸಿಗಬೇಕು.

ಬೇಸಿಗೆ ಬಂತು. ಕಾರು ಬಿಸಿಲಲ್ಲೇ ನಿಲ್ಲುತ್ತಿತ್ತು. ಗಾಜು ಕಾದರೆ ರಬ್ಬರು ಅದಕ್ಕೆ ಒತ್ತಿಕೊಂಡು ಗಟ್ಟಿಯಾಗುತ್ತದೆ, ನಮ್ಮನ್ನು ಎತ್ತಿ ನಿಲ್ಲಿಸಬೇಕು. ಅದು ವಾಮನರಿಗೆ ತಿಳಿಯದು. ಹೆದ್ದಾರಿಯ ಧೂಳನ್ನು ನೀರಿಲ್ಲದೆಯೇ ನಮ್ಮಿಂದ ಒರೆಸಿದರು. ಅವನು ಕಿರ್ರೋ ಎಂದು ಕೂಗತೊಡಗಿದ. ನನಗೂ ಉರಿಯುತ್ತಿತ್ತು, ಆದರೆ ನಾನು ಕೂಗಿದರೆ ಯಾರು ಕೇಳಬೇಕು?

ಅಂದು ವಾಮನರು ಒಳಗಿಂದ ತೆಂಗಿನೆಣ್ಣೆಯ ಕುಪ್ಪಿ ತಂದರು. ನಮ್ಮ ಊರಿನಲ್ಲಿ ತೆಂಗಿನೆಣ್ಣೆ ಹಚ್ಚದ ವಸ್ತುವಿಲ್ಲ. ತಲೆಗೆ, ಸುಟ್ಟ ಗಾಯಕ್ಕೆ, ಬಾಗಿಲಿನ ತಿರುಗಣಿಗೆ, ಹಲಸಿನ ಮೇಣ ಹತ್ತಿದ ಕೈಗೆ. ಅವನನ್ನು ಎತ್ತಿ ನಿಲ್ಲಿಸಿ, ಬೆರಳಿಗೆ ಎಣ್ಣೆ ಅದ್ದಿ, ಮೇಲಿಂದ ಕೆಳಗಿನ ತನಕ ಮೆಲ್ಲಗೆ ತಿಕ್ಕಿದರು. ಬಾಣಂತಿಗೆ ಕೂಡ ಅಷ್ಟು ಆರೈಕೆ ಇರಲಿಕ್ಕಿಲ್ಲ. ಮಾರನೇ ದಿನವೂ ತಿಕ್ಕಿದರು. ವಾರವಿಡೀ ತಿಕ್ಕಿದರು. ನನಗೆ ಒಂದು ಹನಿ ಇಲ್ಲ. ಹೊಟ್ಟೆ ಉರಿದು ಹೋಯಿತು. ಅವನೋ ಮಿರಮಿರ ಮಿಂಚುತ್ತಾ, ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆದರೆ ರಬ್ಬರಿಗೂ ಎಣ್ಣೆಗೂ ಆಗಿಬರುವುದಿಲ್ಲ. ಎಣ್ಣೆ ಕುಡಿದು ಅವನು ಉಬ್ಬಿದ. ಆ ಚೂಪು ಅಂಚು ಮೆತ್ತಗಾಗಿ ಅಲೆಅಲೆಯಾಯಿತು. ಜೂನಿನ ಮೊದಲ ದೊಡ್ಡ ಮಳೆಗೆ ಗಾಜಿನ ಮೇಲೆ ಎಣ್ಣೆಯ ಪಸೆ ಹರಡಿ ವಾಮನರ ಮುಂದೆ ಬರಿಯ ಮಂಜು ಕಟ್ಟಿತು. ಎರಡನೇ ದಿನ ಬೆಳಿಗ್ಗೆ ಅವನ ರಬ್ಬರು ಕಿತ್ತುಬಂದು ಹಾವಿನ ಪೊರೆಯಂತೆ ಜೋತುಬಿತ್ತು. ಸಂತೋಷವಾಯಿತು. ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಹಸನಬ್ಬನವರ ಅಂಗಡಿ ಆವತ್ತು ಮುಚ್ಚಿತ್ತು, ಅವರ ಮಗಳ ಮದುವೆ. ರೊಟ್ಟಿ ಕಟ್ಟು ಮಾಡಿ ಆಗಿತ್ತು. ವಾಮನರು ಕೊಡೆ ಹಿಡಿದು ಕಾರಿನ ಮುಂದೆ ನಿಂತು ಯೋಚಿಸಿದರು. ಆಮೇಲೆ ನನ್ನ ಕಡೆ ನೋಡಿದರು. ನನ್ನ ಜೀವಮಾನದಲ್ಲೇ ಮೊದಲ ಸಲ.

"ಆಚೆ ಕಡೆದು ಹೊಸತರ ಹಾಗೇ ಉಂಟಲ್ಲ!" ಎಂದು ನನ್ನನ್ನು ಕಳಚಿದರು.

ಗುಲಾಬಿಯಕ್ಕ ಜಗಲಿಯಿಂದ ಓಡಿ ಬಂದರು. "ಅದು ತೆಗಿಬೇಡಿ ಇವ್ರೇ. ನಂಗೆ ಬೇಕು."

"ನಿಂಗೆಂತಕ್ಕೆ? ನೀನೇನು ಡ್ರೈವ್ ಮಾಡ್ಲಿಕ್ಕುಂಟಾ?"

ಗುಲಾಬಿಯಕ್ಕ ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಮನೆಯ ಭೋಜಣ್ಣ ಗೇಟಿನ ಹತ್ತಿರ ನಿಂತು, "ಎಂತ ವಾಮನಣ್ಣ, ಕಾರು ರಿಪೇರಿಯಾ?" ಎಂದು ಕೇಳಿದರು. ಗುಲಾಬಿಯಕ್ಕ ಬಾಯಿ ಮುಚ್ಚಿಕೊಂಡರು. ಗಂಡನ ಕಣ್ಣಿನ ವಿಷಯ ಭೋಜಣ್ಣನಿಗೆ ತಿಳಿದರೆ ಸಂಜೆಯೊಳಗೆ ಮೂಲ್ಕಿಗೆ ಮುಟ್ಟುತ್ತದೆ. ವಾಮನರು ನನ್ನನ್ನು ಅವನ ಜಾಗಕ್ಕೆ ಸಿಕ್ಕಿಸಿದರು. ನನ್ನ ಹಳೆಯ ಜಾಗದಲ್ಲಿ ಉಳಿದ ಬೋಳು ಕಬ್ಬಿಣ ಗಾಜು ಗೀರದಿರಲೆಂದು ಅದಕ್ಕೆ ಮೈ ಒರೆಸುವ ಬೈರಾಸಿನ ಒಂದು ತುಂಡು ಸುತ್ತಿ ಕಟ್ಟಿದರು. ಗುಲಾಬಿಯಕ್ಕ ಹತ್ತಿ ಕೂತರು.

ಆಹಾ, ಆ ಹೊತ್ತು! ಹೆದ್ದಾರಿಗೆ ಬಂದದ್ದೇ ಮಳೆ ಧೋ ಎಂದು ಸುರಿಯಿತು. ನಾನು ಡ್ರೈವರ್ ಕಡೆ. ನನ್ನ ಹಿಂದೆ ಮೀಸೆಯ ಮುಖ. ನಾನು ಮೈಮುರಿದು ದುಡಿದೆ. ನಾನು ಗಿಡ್ಡ, ಮೇಲೂ ಬದಿಯಲ್ಲೂ ಒಂದಿಷ್ಟು ಗಾಜು ನನಗೆ ಎಟುಕುತ್ತಿರಲಿಲ್ಲ. ಇರಲಿ, ಎಟುಕಿದಷ್ಟನ್ನು ಕನ್ನಡಿಯಂತೆ ಮಾಡಿದೆ. ಅವನು ಕೂಡ ಇಷ್ಟು ಚೆನ್ನಾಗಿ ಒರೆಸಿರಲಿಕ್ಕಿಲ್ಲ.

ಕಾರಿನೊಳಗೆ ಮಾತಿರಲಿಲ್ಲ. ಅದು ನನಗೆ ವಿಚಿತ್ರವೆನಿಸಿತು. ಬಸ್ಸು ಹೋಯಿತು, ಗುಲಾಬಿಯಕ್ಕ ಹೇಳಲಿಲ್ಲ. ಅವರ ಮುಂದೆ ಬೈರಾಸಿನ ತುಂಡು ಕೆಸರು ನೀರನ್ನು ಗಾಜಿಗೆಲ್ಲ ಬಳಿಯುತ್ತಿತ್ತು. ಅವರು ಬಗ್ಗಿದರು, ಕತ್ತು ಚಾಚಿದರು, ಸೆರಗಿನಿಂದ ಒಳಗಿನ ಗಾಜು ಉಜ್ಜಿದರು.

"ಮೆಲ್ಲ ಹೋಗಿ. ಇವ್ರೇ, ಮೆಲ್ಲ. ನಿಲ್ಸಿಬಿಡಿ."

"ಇಲ್ಲಿ ನಿಲ್ಸಿದ್ರೆ ಹಿಂದಿನವ ಬಂದು ಗುದ್ದುದಿಲ್ವಾ?"

ನನಗೆ ಅದು ಕಂಡಿತು. ರಸ್ತೆಯಲ್ಲೇ ಕೆಟ್ಟು ನಿಂತ ಟ್ಯಾಂಕರ್ ಲಾರಿ, ಹಿಂದಿನಿಂದ ಬರುವವರಿಗೆ ಎಚ್ಚರಿಕೆಯೆಂದು ಅದರ ಹಿಂದೆ ಕಡಿದು ಇಟ್ಟ ಮರದ ಗೆಲ್ಲುಗಳು. ನಾನು ಅದನ್ನು ಒರೆಸಿ ಒರೆಸಿ ವಾಮನರ ಮುಂದೆ ಇಟ್ಟೆ. ಅವರು ನೇರ ಅದನ್ನೇ ನೋಡುತ್ತಿದ್ದರು. ಕಾರಿನ ವೇಗ ಕಡಿಮೆಯಾಗಲಿಲ್ಲ.

ಗುಲಾಬಿಯಕ್ಕ ಕಿಟಕಿ ಇಳಿಸಿ ತಲೆಯನ್ನು ಮಳೆಗೆ ಹಾಕಿದರು. ಮರುಕ್ಷಣ ಅವರ ಕೂಗು, "ಬ್ರೇಕ್! ಬ್ರೇಕ್ ಹಾಕಿ!"

ಕಾರು ಜಾರಿತು, ಒದ್ದಾಡಿತು, ಗೆಲ್ಲುಗಳ ಒಳಗೆ ಮೂತಿ ತುರುಕಿ ನಿಂತಿತು. ಲಾರಿಯ ಹಿಂಭಾಗ ನನಗೆ ಮುಟ್ಟುವಷ್ಟು ಹತ್ತಿರ. ಹಿಂದಿನ ಸೀಟಿನಿಂದ ರೊಟ್ಟಿಯೆಲ್ಲ ಒಮ್ಮೆಗೇ ಪುಡಿಯಾದ ಸದ್ದು ಬಂತು. ಆಮೇಲೆ ಮಳೆಯದು ಮಾತ್ರ.

ವಾಮನರು ಸ್ಟೇರಿಂಗಿನಿಂದ ಕೈ ತೆಗೆದರು. "ನಂಗೆ ಕಾಣ್ಲಿಲ್ಲ ಗುಲಾಬಿ."

"ನಂಗೂ ಕಾಣ್ಲಿಲ್ಲ," ಎಂದರು ಗುಲಾಬಿಯಕ್ಕ. ಕೂದಲಿನಿಂದ ನೀರು ಮುಖಕ್ಕೆ ಇಳಿಯುತ್ತಿತ್ತು. "ನಂಗೆ ಕಾಣದಿದ್ರೆ ನಿಮ್ಗೆ ಎಲ್ಲಿಂದ ಕಾಣುದು?"

ಆಗ ನನಗೆ ಅರ್ಥವಾಯಿತು. ಈ ಕಾರು ಇಷ್ಟು ದಿನ ಓಡಿದ್ದು ಅವನ ಗಾಜಿನಿಂದಲ್ಲ, ನನ್ನ ಗಾಜಿನಿಂದ. ವಾಮನರ ಕಣ್ಣು ಕೂತಿದ್ದದ್ದು ನನ್ನ ಹಿಂದೆ, ಸೀರೆ ಉಟ್ಟುಕೊಂಡು. ನಾನು ಯಾರ ಜಾಗಕ್ಕೆ ಆಸೆಪಟ್ಟೆನೋ ಅವನು ಬರಿಯ ತೋರಿಕೆಗೆ ಕುಣಿಯುತ್ತಿದ್ದ. ಅದು ಮೊದಲೇ ತಿಳಿದಿದ್ದರೆ ನಾನು ಎಷ್ಟು ಮೆರೆಯಬಹುದಿತ್ತು! ಮೆರೆಯುವ ದಿನಗಳನ್ನೆಲ್ಲ ಹೊಟ್ಟೆಕಿಚ್ಚಿನಲ್ಲಿ ಕಳೆದೆ. ಈಗ ನನ್ನ ಮೇಲೆ ನನಗೇ ಹೊಟ್ಟೆಕಿಚ್ಚಾಯಿತು, ಹಳೆಯ ನನ್ನ ಮೇಲೆ.

ಮರುದಿನವೇ ಗುಲಾಬಿಯಕ್ಕ ಹಸನಬ್ಬನವರ ಅಂಗಡಿ ತೆರೆಯುವುದನ್ನೇ ಕಾದಿದ್ದು ಹೊಸ ಉದ್ದದವನನ್ನು ತಂದರು. ನನ್ನನ್ನು ನನ್ನ ಜಾಗಕ್ಕೆ ಹಾಕಿಸಿದರು. ಉಬ್ಬಿದ ಆ ಹಳಬ ಗುಜರಿಯವನ ಚೀಲ ಸೇರಿದ. ಇನ್ನು ನನ್ನ ಕಾಲ ಬಂತು, ಗುಲಾಬಿಯಕ್ಕ ನನ್ನ ಹಿಂದೆ ಕೂರುತ್ತಾರೆ, ನಾನು ಕಾರು ಓಡಿಸುತ್ತೇನೆ ಎಂದುಕೊಂಡೆ.

ಗುಲಾಬಿಯಕ್ಕ ಕೂರಲಿಲ್ಲ. ವಾಮನರ ಎದುರು ನಿಂತು ಹೇಳಿದರು, "ನೀವು ಕಣ್ಣಿನ ಆಪರೇಷನ್‌ಗೆ ಹೋಗಿ. ನಾನು ಡ್ರೈವಿಂಗ್ ಕಲೀತೇನೆ. ಅಲ್ಲಿವರೆಗೆ ರಿಕ್ಷಾದಲ್ಲಿ ರೊಟ್ಟಿ ಹಾಕ್ತೇನೆ. ಭೋಜಣ್ಣನಿಗೆ ನಾನೇ ಹೇಳಿ ಆಯ್ತು."

ಭೋಜಣ್ಣನಿಗೆ ಹೇಳಿದ್ದೆಂದರೆ ಊರಿಗೇ ಹೇಳಿದ್ದು. ಮುಚ್ಚಿಡಲು ಏನೂ ಉಳಿಯದ ಮೇಲೆ ವಾಮನರು ಆಸ್ಪತ್ರೆಗೆ ಹೋದರು. ಮಳೆಗಾಲ ಮುಗಿಯುವ ಮೊದಲೇ ಗುಲಾಬಿಯಕ್ಕನಿಗೆ ಲೈಸೆನ್ಸು ಬಂತು. ಕಾರು ಹತ್ತಿದರು, ಬಲಗಡೆಯಿಂದ. ಹೊಸಬನ ಹಿಂದೆ ಹೋಗಿ ಕೂತರು! ನನ್ನ ಹಣೆಬರಹ ನೋಡಿ. ನನ್ನ ಕಣ್ಣುಗಳೇ ಎದ್ದು ಅವನ ಮನೆಗೆ ಹೋದವು. ಆ ಹೊಸಬನಿಗೆ ಇನ್ನೂ ರಬ್ಬರಿನ ವಾಸನೆ ಹೋಗಿರಲಿಲ್ಲ.

ನನ್ನ ಹಿಂದೆ ಈಗ ವಾಮನರು, ಕಪ್ಪು ಕನ್ನಡಕ ಹಾಕಿಕೊಂಡು, ರೊಟ್ಟಿಯ ಒಂದು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು. ಕಪ್ಪು ಕನ್ನಡಕ ಹೋದ ಮೇಲೂ ಸ್ಟೇರಿಂಗ್ ಅವರಿಗೆ ಮರಳಿ ಸಿಗಲಿಲ್ಲ.

"ಎದುರು ಬಸ್ಸು ಬರ್ತಾ ಉಂಟು," ಎನ್ನುತ್ತಾರೆ ವಾಮನರು.

"ಗೊತ್ತುಂಟು, ಗೊತ್ತುಂಟು," ಎನ್ನುತ್ತಾರೆ ಗುಲಾಬಿಯಕ್ಕ. ಅವರಿಗೆ ನಿಜವಾಗಿಯೂ ಗೊತ್ತಿರುತ್ತದೆ.

ಗುಲಾಬಿಯಕ್ಕ ನಮ್ಮನ್ನು ಚೆನ್ನಾಗಿ ನೋಡಿಕೊಂಡರು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಇಬ್ಬರ ಅಂಚನ್ನೂ ಒರೆಸುವರು. ಒಣ ಗಾಜಿನ ಮೇಲೆ ಓಡಿಸುತ್ತಿರಲಿಲ್ಲ, ಕಾರನ್ನು ಬಿಸಿಲಿಗೆ ಬಿಟ್ಟರೆ ನಮ್ಮನ್ನು ಎತ್ತಿ ನಿಲ್ಲಿಸುತ್ತಿದ್ದರು. ಎಣ್ಣೆ ಕುಪ್ಪಿ ಅಂಗಳಕ್ಕೆ ಬರಲಿಲ್ಲ. ಒಂದೇ ಬಟ್ಟೆ, ಒಂದೇ ನೀರು, ಇಬ್ಬರಿಗೂ ಸಮ. ಆದರೂ ಮೊದಲು ಅವನನ್ನು ಒರೆಸುತ್ತಿದ್ದರು. ನಾನು ಗಮನಿಸಿದ್ದೇನೆ.

ರಬ್ಬರು ಎಷ್ಟು ದಿನ ಬಾಳೀತು? ನನ್ನ ಅಂಚು ಸವೆದು ಗಾಜಿನ ಮೇಲೆ ಗೆರೆ ಬಿಡತೊಡಗಿತು. ಗುಲಾಬಿಯಕ್ಕ ಒಬ್ಬರನ್ನು ಬದಲಿಸಿ ಇನ್ನೊಬ್ಬರನ್ನು ಉಳಿಸುವವರಲ್ಲ. ಅಳತೆ ಹೇಳಿ ಉದ್ದದ್ದೂ ಗಿಡ್ಡದ್ದೂ ಜೋಡಿ ತಂದು ಹಾಕಿಸಿದರು. ಆ ಉದ್ದದವನೂ ಗುಜರಿಗೆ ಹೋದ. ನನ್ನನ್ನೂ ಚೀಲಕ್ಕೆ ಹಾಕುವುದರಲ್ಲಿದ್ದರು. ವಾಮನರು ತಡೆದರು.

"ಆಚೆ ಕಡೆದು ಇರ್ಲಿ. ಗಿಡ್ಡ ಉಂಟು, ಕೈಗೆ ಹಿಡೀಲಿಕ್ಕೆ ಒಳ್ಳೇದಾಗ್ತದೆ."

ಮುರಿದ ಕೊಡೆಯ ಹಿಡಿಗೆ ನನ್ನನ್ನು ತಂತಿಯಿಂದ ಬಿಗಿದು ಜಗಲಿಯ ಕಂಬದ ಮೊಳೆಗೆ ತೂಗಿಹಾಕಿದ್ದಾರೆ. ಈಗ ಅಲ್ಲಿಯೇ ನನ್ನ ವಾಸ. ಚಳಿಗಾಲದಲ್ಲಿ ಅಂಗಳದ ಕಾರಿನ ಮೇಲೆ ಮಂಜು ಬಿದ್ದು ಗಾಜು ಬೆಳ್ಳಗಾಗಿರುತ್ತದೆ. ಒಳಗೆ ಗುಲಾಬಿಯಕ್ಕ ರೊಟ್ಟಿ ಕಟ್ಟುತ್ತಿರುವಾಗ ವಾಮನರು ನನ್ನನ್ನು ಮೊಳೆಯಿಂದ ತೆಗೆದು ಅಂಗಳಕ್ಕೆ ಇಳಿಯುತ್ತಾರೆ. ಸವೆದ ಅಂಚಾದರೂ ಮಂಜಿಗೆ ಸಾಕು. ಆಚೆ ಕಡೆಗೆ ನಾವು ಆಮೇಲೆ ಹೋಗುತ್ತೇವೆ. ಮೊದಲು ಡ್ರೈವರ್ ಕಡೆ, ಗುಲಾಬಿಯಕ್ಕ ನೋಡುವ ಜಾಗ. ಮೂಲೆಯೂ ಬಿಡದೆ, ಮೇಲಿಂದ ಕೆಳಕ್ಕೆ, ಒಂದು ಹನಿ ಉಳಿಯದಂತೆ. ಎಟುಕದ ಕಡೆಗೆ ವಾಮನರ ಕೈ ನನ್ನನ್ನು ಎತ್ತಿ ಮುಟ್ಟಿಸುತ್ತದೆ.

ಹೊಸ ಉದ್ದದವನು ಕೆಳಗೆ ಬಿದ್ದುಕೊಂಡು ನೋಡುತ್ತಿರುತ್ತಾನೆ. ಅವನಿಗೆ ಹೊಟ್ಟೆ ಉರಿಯುತ್ತದೆಂದು ನನಗೆ ಗೊತ್ತು. ಉರಿಯಲಿ.