ಚಾಕ್ ಹಚ್ಚಿದ ಬಟನ್

ನಮ್ಮ ಟೈಲರ್ ಅಂಗಡಿಯ ಕಂಪ್ಯೂಟರ್ ಕೈಕೊಟ್ಟಿದ್ದು ಸರಿಯಾಗಿ ಆಸ್ಪತ್ರೆಯ ನರ್ಸ್‌ಗಳ ಯೂನಿಫಾರ್ಮಿನ ಆರ್ಡರ್ ಕುದುರುವ ಹೊತ್ತಿಗೆ. ಆನ್ ಮಾಡಿದರೆ ಒಂದು ಚಕ್ರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಅದರೊಳಗೆ ನಾನು ವರ್ಷಗಟ್ಟಲೆ ಕೂತು ಬಿಡಿಸಿದ ಕಟಿಂಗ್ ನಕ್ಷೆಗಳಿದ್ದವು. ಕಾಲರು, ತೋಳು, ಜೇಬು, ಎಲ್ಲವೂ. ಬೇರೆಲ್ಲೂ ಒಂದು ಪ್ರತಿಯನ್ನೂ ಇಟ್ಟಿರಲಿಲ್ಲ. ಅಷ್ಟು ಬುದ್ಧಿ ನನಗೆಲ್ಲಿಂದ ಬರಬೇಕು!

"ಗುಜರಿಗೆ ಹಾಕು ಕಣೇ," ಎಂದರು ನಮ್ಮ ಯಜಮಾನರು, ಪ್ಯಾಂಟಿಗೆ ಇಸ್ತ್ರಿ ಉಜ್ಜುತ್ತಾ. "ಹೊಸದ್ರಲ್ಲಿ ಮತ್ತೆ ಬಿಡಿಸಿದ್ರಾಯ್ತು."

"ಬಿಡಿಸಿದ್ರಾಯ್ತಂತೆ! ಸೂಜಿಗೆ ದಾರ ಪೋಣಿಸೋಕೂ ನನ್ನನ್ನೇ ಕರೀತೀರಿ, ಮಾತು ನೋಡಿ!" ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಸೊಸೆ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಒಂದು ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಬಂದಳು.

"ಅತ್ತೆ, ಇದ್ರಲ್ಲಿ ಲಿನಕ್ಸ್ ಇದೆ, ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರು. ಒಳಗಿರೋದು ಏಳ್ತಿಲ್ಲ ಅಂದ್ರೆ ಬಿಡಿ, ಇದ್ರಿಂದ್ಲೇ ಶುರು ಮಾಡೋಣ."

ಆನ್ ಮಾಡಿದ ತಕ್ಷಣ ಕೀಬೋರ್ಡಿನ ಮೇಲಿನ ಸಾಲಿನ ಒಂದು ಬಟನ್ ಒತ್ತುತ್ತಿರಬೇಕು. ಮರೆತುಹೋಗದಿರಲೆಂದು ನಾನು ಅದಕ್ಕೆ ಬಟ್ಟೆಗೆ ಗುರುತು ಹಾಕುವ ಚಾಕ್ ಹಚ್ಚಿದೆ. ಆಮೇಲೆ ಪರದೆಯಲ್ಲಿ ಬರುವ ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರು ಆರಿಸಬೇಕು. ಕೊನೆಗೆ 'ಟ್ರೈ', 'ಇನ್‌ಸ್ಟಾಲ್' ಎಂದು ಕೇಳುತ್ತದೆ.

"ಟ್ರೈ ಅಷ್ಟೇ ಒತ್ತಿ ಅತ್ತೆ. ಇನ್‌ಸ್ಟಾಲ್ ತಂಟೆಗೆ ಹೋದ್ರೆ ನಿಮ್ಮ ನಕ್ಷೆಯೆಲ್ಲ ಅಳಿಸಿಹೋಗ್ಬಹುದು."

"ಅಂದ್ರೆ ಕಚ್ಚಾ ಹೊಲಿಗೆ ಹಾಕಿ ಮೈಮೇಲಿಟ್ಟು ನೋಡೋ ಹಾಗೆ?"

"ಅದೇ, ಅದೇ!"

ಪರದೆ ಬೆಳಗಿತು. ನನ್ನ ನಕ್ಷೆಗಳೆಲ್ಲ ಇದ್ದಲ್ಲೇ ಇದ್ದವು. ಹೋದ ಜೀವ ಬಂದಂತಾಯಿತು. ಖುಷಿಗೆ ಪರದೆಯ ಬಣ್ಣವನ್ನು ಗಿಣಿ ಹಸಿರು ಮಾಡಿಸಿಕೊಂಡೆ. ನಾಳೆ ದೊಡ್ಡ ಡಿಸ್ಕ್ ತಂದು ಎಲ್ಲದರ ಪ್ರತಿ ತೆಗೆದುಕೊಡುತ್ತೇನೆಂದು ಸೊಸೆ ಹೇಳಿದಳು.

ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಹೆಡ್ ನರ್ಸ್ ಬಂದರು. "ಡಿಸೈನ್ ಇವತ್ತೇ ನೋಡ್ಬೇಕಮ್ಮ. ಇಲ್ಲಾಂದ್ರೆ ಬೇರೆ ಅಂಗಡಿಗೆ ಕೊಡ್ತೀವಿ," ಎಂದು ಸ್ಟೂಲ್ ಎಳೆದುಕೊಂಡು ಕೂತರು. ನಾನು ಹೇಳಿಕೊಟ್ಟ ಹಾಗೇ ಮಾಡಿದೆ. ಪರದೆ ಬಂತು. ಬಂದ ಮೇಲೆ ಪೆನ್‌ಡ್ರೈವನ್ನು ಎಳೆದು ತೆಗೆದೆ. ಟ್ರಯಲ್ ಆದ ಮೇಲೆ ಗುಂಡುಸೂಜಿಯನ್ನು ಬಟ್ಟೆಯಲ್ಲಿ ಬಿಡಬಾರದು ಎಂದು ಅಮ್ಮ ಕಲಿಸಿದ ಪಾಠ. ಕೈ ತಾನೇ ಹೋಯಿತು.

ಪರದೆ ಕಲ್ಲಾಯಿತು. ಏನು ಒತ್ತಿದರೂ ಅಲುಗದು.

"ನಾನು ಹೇಳಿರ್ಲಿಲ್ವಾ?" ಎಂದರು ಯಜಮಾನರು.

"ನೀವು ಬಾಯ್ಮುಚ್ಕೊಂಡು ಇಸ್ತ್ರಿ ನೋಡಿ, ವಾಸನೆ ಬರ್ತಿದೆ!"

ಬಾಯಲ್ಲಷ್ಟೇ ಜೋರು. ಸೊಸೆಗೆ ಫೋನ್ ಮಾಡಿದರೆ ಎತ್ತಲಿಲ್ಲ, ಲೈಬ್ರರಿಯಲ್ಲಿ ಎತ್ತುವಂತಿಲ್ಲವಲ್ಲ. ಮಾಡಿದ್ದನ್ನೆಲ್ಲ ನನ್ನ ಕೈಯಾರೆ ಹಾಳುಮಾಡಿಕೊಂಡೆನೇ? ಒಂದು ಕ್ಷಣ ಯೋಚಿಸಿದೆ. ಕಚ್ಚಾ ಹೊಲಿಗೆ ಬಿಚ್ಚಿದರೆ ಬಟ್ಟೆ ಹರಿಯುವುದಿಲ್ಲ, ಮತ್ತೆ ಹಾಕಿದರಾಯಿತು. ಸರಿ, ಕಂಪ್ಯೂಟರ್ ಆಫ್ ಮಾಡಿದೆ. ಪೆನ್‌ಡ್ರೈವ್ ಸಿಕ್ಕಿಸಿ, ಚಾಕ್ ಹಚ್ಚಿದ ಬಟನ್ನನ್ನು ಟಕಟಕ ಒತ್ತಿದೆ. ಟ್ರೈ.

ಪರದೆ ಬಂತು, ಆದರೆ ನನ್ನ ಗಿಣಿ ಹಸಿರು ಇರಲಿಲ್ಲ. ಅಯ್ಯೋ, ಬಣ್ಣವೇ ಹೋದ ಮೇಲೆ ನಕ್ಷೆ ಉಳಿದೀತೇ? ಕಂಪ್ಯೂಟರಿನ ಒಳಗಿನ ಡಿಸ್ಕ್ ತೆರೆದೆ. ಕಾಲರು, ತೋಳು, ಜೇಬು, ಒಂದೂ ಕದಲಿರಲಿಲ್ಲ.

ಹೆಡ್ ನರ್ಸ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಕತ್ತರಿಗೇ ಬೇರೆ ಜೇಬು ಇಟ್ಟಿದ್ದೀರಲ್ಲ! ಇಷ್ಟು ದಿನ ಯಾರಿಗೂ ಹೊಳೀಲಿಲ್ಲ ನೋಡಿ. ಯಾರು ಬಿಡಿಸಿದ್ದು?"

"ನಾನೇ," ಎಂದೆ. ಆರ್ಡರ್ ನಮಗೇ ಆಯಿತು.

ಸಂಜೆ ಡಿಸ್ಕ್ ಹಿಡಿದು ಬಂದ ಸೊಸೆಗೆ ಪೆನ್‌ಡ್ರೈವ್ ಎಳೆದ ಕಥೆ, ಹಸಿರು ಹೋದ ಕಥೆ ಎರಡನ್ನೂ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ಹೇಳೋದೇ ಮರೆತೆ ಅತ್ತೆ! ಅದು ನಡೆಯೋದೇ ಪೆನ್‌ಡ್ರೈವಿಂದ, ಕೆಲಸ ಮುಗಿಯೋವರೆಗೂ ತೆಗೀಬಾರ್ದು. ಆಫ್ ಮಾಡಿದ್ರೆ ಅದು ಆ ಬಣ್ಣಗಿಣ್ಣ ಏನೂ ನೆನಪಿಟ್ಕೊಳ್ಳಲ್ಲ. ಮತ್ತೆ ಯಾರು ಶುರು ಮಾಡಿದ್ದು? ರಿಪೇರಿಯವ್ರನ್ನ ಕರೆಸಿದ್ರಾ?"

ಚಾಕ್ ಮೆತ್ತಿದ ಬೆರಳು ತೋರಿಸಿ ನಾನು ಬಾಯಿ ತೆರೆಯುವಷ್ಟರಲ್ಲಿ ಇಸ್ತ್ರಿ ಮೇಜಿನ ಕಡೆಯಿಂದ ದನಿ ಬಂತು.

"ರಿಪೇರಿಯವ್ರು ಯಾಕಮ್ಮಾ? ನನ್ನ ಹೆಂಡ್ತಿ ಮಾಡಿದ್ಲು. ಒಬ್ಬಳೇ!"

ನನಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ತಿರುಗಿ, "ಏನಂದ್ರಿ? ಇನ್ನೊಂದ್ಸಲ ಹೇಳಿ," ಎಂದೆ.