ಪಡಸಾಲಿಯ ನೆಲ್ಲಿನ ಚೀಲಗಳು

ಕಾಲುವಿ ನೀರು ಗೊರೇಬಾಳದ ಹೊಲಕ್ಕ ಹರದಮ್ಯಾಲ ನಮ್ಮ ಮನಿಗೆ ಎಲ್ಡು ಹೊಸಾವು ಬಂದ್ವು. ಒಂದು ನೆಲ್ಲು, ಇನ್ನೊಂದು ಇಲಿ. ನೆಲ್ಲು ಬಂದಿದ್ದನ್ನ ನಮ್ಮ ಮನಿಯವ್ರು ಊರ ತುಂಬ ಹೇಳ್ಕೊಂತ ತಿರಗ್ಯಾಡಿದ್ರು. ಇಲಿ ಬಂದಿದ್ದನ್ನ ಹೇಳಾಕ ನಾ ಒಬ್ಬಾಕಿ ಉಳದೆ. ಮನಿಯವ್ರು ಅಂದ್ರ ನನ್ನ ಗಂಡ. ಗಂಡನ ಹೆಸರು ನನ್ನ ಬಾಯಾಗ ಬರಂಗಿಲ್ಲ, ಊರ ಮಂದಿ ದ್ಯಾವಪ್ಪ ಅಂತಾರ. ನನ್ನ ಹೆಸರು ಆದೆಮ್ಮ, ಅದನ್ನ ಹೇಳಾಕ ನನಗೇನು ನಾಚಿಕಿಲ್ಲ.

ಅದಕ್ಕೂ ಮೊದ್ಲು ನಾವು ಜ್ವಾಳದ ಮಂದಿ. ಜ್ವಾಳ ಹಗೇವಿನ್ಯಾಗ ಇರ್ತಿತ್ತು. ನೆಲದಾಗ ಆಳುದ್ದ ತೋಡಿದ ಕುಣಿ, ಬಾಯಿಗೆ ಬಂಡಿಗಲ್ಲು, ಮ್ಯಾಲ ಮಣ್ಣು. ಇಲಿ ಅದರ ಹಂತ್ಯಾಕ ಸುಳೀತಿದ್ದಿಲ್ಲ. ಕಾಲುವಿ ಬಂದಮ್ಯಾಲ ಹಗೇವು ಒಳಗಿಂದ ಜಿನುಗಾಕತ್ತಿತು, ಹಂಗಾಗಿ ನೆಲ್ಲಿನ ಚೀಲ ಮನಿಯೊಳಗ ಬಂದ್ವು. ಬಂದ್ರ ಬರ್ಲಿ, ಒಳಗಿನ ಕ್ವಾಣ್ಯಾಗ ಒಂದು ಮೂಲಿಗೆ ಒಟ್ಟಿದ್ರ ಆಗ್ತಿತ್ತಿಲ್ಲೋ. ಇವ್ರು ಪಡಸಾಲ್ಯಾಗ, ತಲಬಾಗಲ ಎದುರಿಗೇ, ಮ್ಯಾಲಿನ ಜಂತಿ ಮುಟ್ಟೋ ಹಂಗ ಒಟ್ಟಿದ್ರು. ಬಂದ ಮಂದಿ ಮೊದ್ಲು ನೆಲ್ಲು ನೋಡಬೇಕು, ಆಮ್ಯಾಲ ನಮ್ಮ ಮಾರಿ.

ಇದಕ್ಕೊಂದು ಕಾರಣ ಇತ್ತು. ಮಗ ಯಮನೂರಪ್ಪಗ ಹಟ್ಟಿ ಊರಿಂದ ಹೆಣ್ಣು ತಂದಿದ್ವಿ. ಬೀಗರು ಬಂಗಾರದ ಗಣಿಯಾಗ ಕೆಲಸ ಮಾಡೋರು, ಕಂಪನಿ ಮನ್ಯಾಗ ಇರೋರು. ಲಗ್ನದ ದಿನ ಬೀಗಿತಿ, ನಗನಗ್ತಾನ, "ನಿಮ್ಮ ಕಡಿ ಹಬ್ಬಕ್ಕಾದ್ರೂ ಅನ್ನ ಮಾಡ್ತೀರೇನ್ರೀ?" ಅಂತ ಕೇಳಿದ್ಲು. ನಾ ಅಲ್ಲೇ ಮರತೆ. ಇವ್ರು ಮರೀಲಿಲ್ಲ. ದಿನಾ ಸಂಜಿಕ ಆ ಚೀಲಕ್ಕ ಬೆನ್ನು ಹಚ್ಚಿ ಕುಂತು, ಬೀಗಿತಿ ಬಂದಾಗ ಏನಂತಾಳ ಅಂತ ತಮ್ಮಷ್ಟಕ್ಕ ತಾವ ನಗ್ತಿದ್ರು.

ಸೊಸಿ ಹುಲಿಗೆಮ್ಮ ಬಸುರಿ ಇದ್ದಾಗ ಒಂದಿನ ಮುಂಜಾನೆ ಹಿಮ್ಮಡ ತೋರಿಸಿದ್ಲು. ಮಲಗಿದಾಗ ಇಲಿ ಕಡದು ರಕ್ತ ಬಂದಿತ್ತು. ಅಳಲಿಲ್ಲ, ಬರೇ ತೋರಿಸಿದ್ಲು. ಚೊಚ್ಚಲ ಬಾಣಂತನಕ್ಕ ತವರಿಗೆ ಹೋದ್ಲು, ಹೆಣ್ಣು ಕೂಸು ಹಡದ್ಲು. ಐದನೇ ತಿಂಗಳಿಗೆ ಕರಕೊಂಡು ಬರಾಕ ಮಗ ಹೋದ. ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂತ ಬಸ್ಸು ಬದಲಿ ಮಾಡ್ಕೊಂತ ಹೋದಾಂವ ಬರಗೈಯಾಗ ಬಂದ.

"ಇಲಿ ಹೋದ್ವು ಅಂತ ಅತ್ತಿ ಹೇಳಿ ಕಳಸಲಿ, ಆವಾಗ ಬರ್ತೀನಿ ಅಂದ್ಲವ್ವ," ಅಂದ.

ನನಗ ಸಿಟ್ಟು ಬರಲಿಲ್ಲ. ಮಂದಿ ಮ್ಯಾಲೆಲ್ಲ ಸಿಟ್ಟು ಮಾಡೋ ನಾನು ಆ ಹುಡುಗಿ ಮ್ಯಾಲ ಮಾಡಲಿಲ್ಲ. ಹಾಲಿನ ವಾಸನಿ ಹೊಡಿಯೋ ಕೂಸಿನ ಕೈಕಾಲಿಗೆ ಇಲಿ ಬಾಯಿ ಹಾಕಿದ್ರ? ನನ್ನ ಮೊಮ್ಮಗಳ ಮಾರಿ ನಾ ಇನ್ನಾ ಕಂಡಿದ್ದಿಲ್ಲ. ಈ ದರಿದ್ರ ಇಲಿಗಳ ಸಲುವಾಗಿ ಕೂಸು ಹಟ್ಟ್ಯಾಗ ಕುಂತೈತಿ ಅಂತ ನನ್ನ ಹೊಟ್ಟಿ ಉರೀತು.

ಇವ್ರು ಸಿಂಧನೂರಿಗೆ ಹೋಗಿ ಇಲಿ ಪಾಷಾಣದ ಪೊಟ್ಣ ತಂದ್ರು. ನಾ ಅದನ್ನ ಮನಿಯೊಳಗ ಬಿಟ್ಟುಕೊಳ್ಳಲಿಲ್ಲ. "ಬರೋದು ಅಂಬೆಗಾಲು ಹಾಕೋ ಕೂಸು. ನೆಲದಾಗ ಏನು ಸಿಕ್ರೂ ಬಾಯಿಗೆ ಹಾಕೋ ವಯಸ್ಸು. ಇಲಿ ಅದನ್ನ ಎಳಕೊಂಡು ಹೋಗಿ ಯಾವ ಮೂಲ್ಯಾಗ ಒಗೀತೈತಿ ಅಂತ ನಿಮಗ ಗೊತ್ತೇನು? ಹೋಗ್ರಿ, ಎಲ್ಲಿಂದ ತಂದ್ರೋ ಅಲ್ಲೇ ಕೊಟ್ಟು ಬರ್ರಿ," ಅಂದೆ. ಗೊಣಗಿಕೊಂತ ಹೋದ್ರು. ಬೆಕ್ಕೊಂದಿತ್ತು ಮನ್ಯಾಗ. ಹಾಲು ಕುಡದು ಕುಡದು ಅದಕ್ಕ ಇಲಿ ಅಂದ್ರ ನೆಂಟರು ಬಂದಂಗ ಆಗಿತ್ತು.

ಬಾಜೂ ಮನಿ ಖಾತೂನ್‌ಬೀ ಬಳಿ ಮಾರೋಕಿ. ಬುಟ್ಟಿ ಹೊತ್ತು ಊರೂರು ತಿರಗೋಕಿ, ನನ್ನ ವಾರಿಗಿನ. "ಚೀಲ ಹೊರಗ ಹಾಕ್ಸು ಆದೆಮ್ಮಕ್ಕ. ಊಟ ಮನ್ಯಾಗ ಇಟ್ಟು ಮೆಹಮಾನ್ ಬರಬ್ಯಾಡ ಅಂದ್ರ ಹ್ಯಾಂಗ?" ಅಂದ್ಲು. ನಾ ಇವ್ರ ಮಾರಿ ನೋಡಿದೆ. ಇವ್ರು ಜಂತಿ ನೋಡಿದ್ರು.

"ಚೀಲ ಅಲ್ಲೇ ಇರ್ಲಿ. ತೂತು ಮುಚ್ಚಿದ್ರ ಆತು," ಅಂದ್ರು.

ಆಗ್ಲಿ ಅಂತ ತೂತು ಮುಚ್ಚಾಕ ಹತ್ತಿದ್ವಿ. ಬರೇ ಮಣ್ಣು ಮೆತ್ತಿದ್ರ ಇಲಿ ಮತ್ತ ಕೆರೀತೈತಿ. ಖಾತೂನ್‌ಬೀ ತನ್ನ ಮನ್ಯಾಗ ಕೂಡಿಟ್ಟ ಬಳಿ ಚೂರು ಮೊರದಾಗ ತುಂಬಿ ತಂದ್ಲು. ಕೆಮ್ಮಣ್ಣಿಗೆ ಸುಣ್ಣ ಹಾಕಿ, ಬಳಿ ಚೂರು ಕಲಿಸಿ, ಗ್ವಾಡಿ ಬುಡಕ, ಒಲಿ ಹಿಂದ, ಬಚ್ಚಲ ಮೋರಿ ಸುತ್ತ, ಕಂಡ ಕಂಡ ತೂತಿಗೆಲ್ಲ ಕಟ್ಟಿಗಿಂದ ಜಡದ್ವಿ. ಮಗ ಚಿಮಣಿ ಎಣ್ಣಿ ಡಬ್ಬಿ ಕತ್ತರಿಸಿ ಬಾಗಲ ಕೆಳಗಿನ ಸಂದಿಗೆ ತಗಡು ಬಡದ. ಇವ್ರು ಚೀಲಕ್ಕ ಒರಗಿ ಕುಂತು, ಅಲ್ಲೊಂದು ಬಿಟ್ರಿ, ಇಲ್ಲೊಂದು ಬಿಟ್ರಿ ಅಂತ ಬಟ್ಟು ಮಾಡಿ ತೋರಿಸಿದ್ರು. ಹೊತ್ತು ಮುಳಗೋದ್ರಾಗ ಮನಿ ಬಿಗಿ ಆತು. ಕೈ ಉರದ್ರೂ ನನಗ ಖುಷಿ ಆಗಿತ್ತು. ಒಳಗಿನ ಕ್ವಾಣ್ಯಾಗಿಂದ ತೊಟ್ಲು ತಗದು, ಪುಂಡಿನಾರಿನ ಹೊಸ ಹಗ್ಗ ಹಾಕಿ, ಪಡಸಾಲ್ಯಾಗ ತೊಲಿಗೆ ಕಟ್ಟಿದ್ವಿ. ಬರೇ ತೊಟ್ಲು ಬಿಡಬಾರದು ಅಂತ ನಮ್ಮ ಕಡಿ ಪದ್ಧತಿ. ಕೂಸು ಬರೋತನ ಅಂತ ಒಳಗ ಗುಂಡುಕಲ್ಲು ಮಲಗಿಸಿದೆ.

ಹಗಲು ಇಲಿ ಎಲ್ಲಿರ್ತೈತಿ ಅನ್ನೋ ವಿಚಾರ ನಮ್ಮ ಯಾರ ತಲ್ಯಾಗೂ ಬರಲಿಲ್ಲ ನೋಡ್ರಿ. ಜ್ವಾಳದ ಮಂದಿ ನಾವು, ಇಲಿ ಹೊರಗಿಂದ ಬರ್ತಾವ, ಹೊರಗ ಹೋಗ್ತಾವ ಅಂದುಕೊಂಡಿದ್ವಿ. ಅವು ಚೀಲದಾಗ ಸಂಸಾರ ಹೂಡಿ, ಹಾಯಾಗಿ ನಿದ್ದಿ ಮಾಡಾಕತ್ತಿದ್ವು. ನಾವು ಬಳಿ ಚೂರು ಹಾಕಿ, ಸುಣ್ಣ ಹಾಕಿ, ಇಲಿನೆಲ್ಲ ಒಳಗ ಹಾಕಿ ಬಾಗಲ ಜಡದಿದ್ವಿ. ಆ ರಾತ್ರಿ ಅವು ಕುಣದ ಕುಣತ ಹೇಳಬಾರದು. ನನ್ನ ಎದಿ ಮ್ಯಾಲೇ ಒಂದು ಓಡಿ ಹೋತು.

ಮುಂಜಾನೆ ಖಾತೂನ್‌ಬೀ ಕೇಳಿ ಹೊಟ್ಟಿ ಹಿಡಕೊಂಡು ನಕ್ಕಳು. "ಜೇಲು ಕಟ್ಟಿ ನೀನೂ ಒಳಗ ಕುಂತ್ಯಲ್ಲ ಅಕ್ಕ," ಅಂದ್ಲು. ನಾ ನಗೋ ಹದದಾಗ ಇದ್ದಿಲ್ಲ. ಇವ್ರು ಮಾತ್ರ ಆರಾಮ ಇದ್ರು. ಹಲ್ಲು ತಿಕ್ಕೊಂಡು ಬಂದು ತೊಟ್ಲ ಮುಂದ ನಿಂತು, ಒಳಗಿನ ಗುಂಡುಕಲ್ಲಿಗೆ "ಏನವ್ವ, ಅಜ್ಜನ ಮನಿ ನೆಲ್ಲು ನೋಡ್ದೇನು?" ಅಂತ ತೂಗಿದ್ರು. ಎಲ್ಡನೇ ಸಲ ತೂಗಿದ್ದೇ ತಡ, ಹಗ್ಗ ಹರದು ತೊಟ್ಲು ಒಂದು ಕಡಿ ಬಿತ್ತು. ಗುಂಡುಕಲ್ಲು ಉರುಳಿ ನೆಲಕ್ಕ ಬಡದು, ಗಚ್ಚಿನ ನೆಲ ಕಿತ್ತು ಬಂತು.

ಇವ್ರು ಹಗ್ಗದ ತುದಿ ಹಿಡಕೊಂಡು ನೋಡಿದ್ರು. ನಾರು ನಾರಾಗಿ ಕಡದಿದ್ವು. ಹಗ್ಗ ಕಟ್ಟಿದ ತೊಲಿ ನೋಡಿದ್ರು. ತೊಲಿಯಿಂದ ಜಂತಿ, ಜಂತಿಯಿಂದ ಮ್ಯಾಲಿನ ಚೀಲ. ಇಲಿ ಮೆಟ್ಟಲ ಇಳದಂಗ ಇಳಕೊಂಡು ಬಂದಿದ್ವು. ಬಗ್ಗಿ, ಉರುಳಿದ ಗುಂಡುಕಲ್ಲಿನ ಮ್ಯಾಲ ಅಂಗೈ ಆಡಿಸಿದ್ರು, ಕೂಸಿನ ತಲಿ ಸವರಿದಂಗ. ನಲವತ್ತು ವರ್ಷದ ಸಂಸಾರದಾಗ ನಾ ಅವ್ರನ್ನ ಹಂಗ ಕಂಡಿದ್ದಿಲ್ಲ.

ಹಗ್ಗ ಕೆಳಗಿಟ್ಟು ಹೋಗಿ, ಮ್ಯಾಲಿನ ಚೀಲ ಒಬ್ರೇ ಹೆಗಲಿಗೆ ಹಾಕ್ಕೊಂಡ್ರು. ಮಗ ಓಡಿ ಹೋಗಿ ಕೈ ಕೊಟ್ಟ.

ಅಂಗಳದಾಗ ತಾಡಪತ್ರಿ ಹಾಸಿ ಒಂದೊಂದೇ ಚೀಲ ಬಿಚ್ಚಿ ಸುರುವಿದ್ವಿ. ಒಂದ್ರಾಗ ತಾಯಿ ಇಲಿ, ಇನ್ನೊಂದ್ರಾಗ ಕಣ್ಣು ಬಿಡಲಾರದ ಮರಿ, ಮತ್ತೊಂದ್ರಾಗ ಬರೇ ಹೊಟ್ಟು. ಓಣಿ ನಾಯಿ, ಕೋಳಿ, ಕಾಗಿ ಎಲ್ಲಾ ಹಬ್ಬಕ್ಕ ಬಂದ್ವು. ನಮ್ಮ ಬೆಕ್ಕಿಗೂ ಅವತ್ತ ತಾ ಬೆಕ್ಕು ಅಂತ ನೆನಪಾತು. ಮನಿ ಬರಿದಾದ ಮ್ಯಾಲ ಮೂಲಿ ಮೂಲಿ ಬಡದು ಬಳದು, ಬಿಟ್ಟ ತೂತು ಹುಡುಕಿ ಮತ್ತ ಜಡದ್ವಿ.

ಇವ್ರು ಹಿತ್ತಲದಾಗ ಕಣಜ ಕಟ್ಟಿದ್ರು. ತೊಗರಿ ಕಟ್ಟಿಗಿ ಹೆಣದು, ಸಗಣಿ ಮಣ್ಣು ಬಳದು, ಗ್ವಾಡಿಗೆ ತಾಕಲಾರದಂಗ ದೂರ, ಕಲ್ಲಿನ ಕಾಲಿನ ಮ್ಯಾಲ. ಒಂದೊಂದು ಕಾಲಿಗೆ ಡಬ್ಬಿ ತಗಡಿನ ಟೊಪ್ಪಿಗಿ ಹಾಕಿದ್ರು. ಹತ್ತಿದ ಇಲಿ ಟೊಪ್ಪಿಗಿ ಅಡಿಗೆ ಬಂದು ಮುಂದ ದಾರಿ ಇಲ್ಲದ ಇಳೀಬೇಕು. ಸಂಜಿಕ ಪಡಸಾಲಿ ನೆಲಕ್ಕ ನಾ ಒಲಿ ಬೂದಿ ಜಾಲಿಸಿ ಉದುರಸ್ತಿದ್ದೆ, ಮುಂಜಾನೆ ಬಗ್ಗಿ ನೋಡ್ತಿದ್ದೆ. ಮೊದ್ಲು ಒಂದೆಲ್ಡು ಹೆಜ್ಜಿ ಇದ್ವು. ಬೋನಿಗೆ ಸುಟ್ಟ ಕೊಬ್ರಿ ಇಟ್ಟು ಅವನ್ನೂ ಹಿಡದ್ವಿ. ಆಮ್ಯಾಲ ಬೂದಿ ಹಾಕಿದ್ದು ಹಾಕಿದಂಗ ಇರ್ತಿತ್ತು. ಅಷ್ಟರಾಗ ಕೂಸಿಗೆ ಎಂಟು ತಿಂಗಳು ತುಂಬಿತ್ತು, ಆವಾಗ ಮಗನ್ನ ಮತ್ತ ಕಳಿಸಿದೆ.

ಹುಲಿಗೆಮ್ಮ ಬಂದ್ಲು, ಬೀಗಿತಿ ಬಂದ್ಲು. ಕೂಸು ಗುಂಡಗುಂಡಗ, ಕಣ್ಣು ನಮ್ಮ ಯಮನೂರಪ್ಪಂದ. ನಾ ದೃಷ್ಟಿ ತಗದು, ಎತ್ತಿಕೊಂಡು, ಸಾಕಾಗೋತನ ಮುದ್ದು ಮಾಡಿದೆ. ಆದ್ರ ಹುಲಿಗೆಮ್ಮ ನನ್ನ ಕೈಯಿಂದ ತಗೊಂಡಾಕಿ ಮತ್ತ ಬಗಲಾಗಿಂದ ಇಳಸಲಿಲ್ಲ. ಉಣ್ಣುವಾಗ ತೊಡಿ ಮ್ಯಾಲ, ಮಲಗುವಾಗ ಎದಿ ಮ್ಯಾಲ. ಹಗ್ಗ ಬದಲಿಸಿ ಕಟ್ಟಿದ ತೊಟ್ಲು ಹಂಗೇ ಇತ್ತು. ಕೂಸು ನೆಲ ಕಂಡು ಕೊಸರಾಡ್ತಿತ್ತು, ಆಕಿ ಬಿಡ್ತಿದ್ದಿಲ್ಲ. ಇಲಿ ಕಡಿಸಿಕೊಂಡಾಕಿ ಆಕಿ.

ಬೀಗಿತಿ ಖಾಲಿ ಪಡಸಾಲ್ಯಾಗ ಕುಂತು ಅನ್ನ ಉಂಡ್ಲು. "ನೆಲ್ಲು ಚಲೋ ಬೆಳದಾವೇನ್ರೀ?" ಅಂತ ಕೇಳಿದ್ಲು. ಚೀಲದ ಲೆಕ್ಕ ಇವ್ರ ನಾಲಿಗಿ ತುದಿಗೆ ಬಂದಿದ್ದು ನನಗ ಕಾಣ್ತು. "ಅದಾವ್ರೀ, ಉಣ್ಣಾಕ ಆಗೋವಷ್ಟು," ಅಂದು ಮಜ್ಜಿಗಿ ಕುಡದ್ರು. ಮಾರನೇ ದಿನ ಬೀಗಿತಿ ಊರಿಗೆ ಹೋದ್ಲು.

ನಮ್ಮ ಕಡಿ ಸೊಸಿ ಮಾವನ ಕೂಡ ಮಾರಿ ಕೊಟ್ಟು ಮಾತಾಡಂಗಿಲ್ಲ. ಹೇಳೋದಿದ್ರ ನನ್ನ ಮುಂದ ಹೇಳಬೇಕು. ಹುಲಿಗೆಮ್ಮ ಎಲ್ಡು ಮುಂಜಾನೆ ನಾ ಬೂದಿ ನೋಡೋದನ್ನ ಹಿಂದ ನಿಂತು ನೋಡಿದ್ಲು. ಮೂರನೇ ಮುಂಜಾನೆ ನನಗಿಂತ ಮೊದ್ಲು ಎದ್ದು, ತಾನೇ ಕೂಸು ಬಗಲಾಗ ಇಟ್ಕೊಂಡು ಕುಕ್ಕರಗಾಲಿಲೆ ಕುಂತು, ಗ್ವಾಡಿ ಬುಡ ಬುಡಕ್ಕ ಸರಕೊಂತ ನೋಡಿದ್ಲು. ಎಲ್ಲಾ ನೋಡಿ ಕಸಬರಿಗಿ ತಗೊಂಡು ಬೂದಿ ಉಡುಗಿ, ನೆಲ ಸಾರಿಸಿದ್ಲು. ಒಣಗಿದ ಮ್ಯಾಲ ಕೌದಿ ಹಾಸಿದ್ಲು.

ಇವ್ರು ಅಲ್ಲೇ ಕಂಬಕ್ಕ ಒರಗಿ ಕುಂತಿದ್ರು. ಆಕಿ ತಲಿ ಮ್ಯಾಲಿನ ಸೆರಗು ಸರಿ ಮಾಡ್ಕೊಂಡು ಬಂದು, ಕೂಸನ್ನ ಅವ್ರ ಮುಂದ ಕೌದಿ ಮ್ಯಾಲ ಬಿಟ್ಲು. ಕೊಡ ಎತ್ತಿ ಟೊಂಕದ ಮ್ಯಾಲ ಇಟ್ಕೊಂಡು, ಹಿಂದ ತಿರುಗಿ ನೋಡಲಾರದ ಕಾಲುವಿಗೆ ನೀರಿಗೆ ಹೋದ್ಲು.

ಕೂಸು ಕೌದಿ ದಾಟಿ ಬರೇ ನೆಲದ ಮ್ಯಾಲ ಬಂದು, ಎಲ್ಡೂ ಅಂಗೈ ಬಡಕೊಂತ ಅಜ್ಜನ ಕಡಿ ಹೊಂಟಿತು. ಇವ್ರು ಧೋತರದ ಅಂಚಿಲೆ ಕಣ್ಣು ಒರಸಿಕೊಂಡ್ರು. ನನಗೂ ಅಳು ಬಂತು, ನಾ ಯಾಕ ಮುಚ್ಚಿಡ್ಲಿ. ಒಳಗ ಹೋಗಿ ಒಲಿ ಮ್ಯಾಲ ಅನ್ನಕ್ಕ ಎಸರು ಇಟ್ಟೆ.