ಹಾಲಮ್ಮ ಹೇಳಿದ ಸುಳ್ಳು

“ಮನೇಲಿ ಯಾರಾದ್ರೂ ಬೀಡಿ, ಸಿಗರೇಟು ಸೇದ್ತಾರಾ ಅಮ್ಮ?” ಎಂದು ಡಾಕ್ಟರು ಕೇಳಿದಾಗ ಹಾಲಮ್ಮ ಸ್ವಲ್ಪವೂ ತಡಮಾಡದೆ, “ಯಾರೂ ಇಲ್ಲ ಮೇಡಂ” ಎಂದುಬಿಟ್ಟಳು.

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗಂಡ ಮೂರ್ತಪ್ಪನ ಅಂಗಿಯ ಜೇಬಿನಲ್ಲಿ ಆಗಲೂ ಬೀಡಿಕಟ್ಟು ಇತ್ತು. ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತ. ಹಿಂದೆ ನಿಂತಿದ್ದ ಮಗಳು ಸುಪ್ರಿಯಾ ಏನೋ ಹೇಳಲು ಮುಂದೆ ಬಂದಳು. ಹಾಲಮ್ಮ ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರು ಫೈಲಿನಲ್ಲಿ ಬರೆದುಕೊಂಡರು.

ಮೂರು ತಿಂಗಳಿಂದ ಬಿಡದ ಕೆಮ್ಮು. ಒಗ್ಗರಣೆ ಘಾಟು, ಧೂಳು ಎಂದೆಲ್ಲ ಹಾಲಮ್ಮ ನೆಪ ಹೇಳುತ್ತ ಬಂದಿದ್ದಳು. ಕಫದಲ್ಲಿ ರಕ್ತ ಕಂಡ ಮೇಲೆ, ಶಿವಮೊಗ್ಗದ ಆಲ್ಕೊಳದಲ್ಲಿ ಸಂಸಾರ ಮಾಡಿಕೊಂಡಿದ್ದ ಸುಪ್ರಿಯಾ ಹಟ ಹಿಡಿದು ಅವಳನ್ನು ಸವಳಂಗ ರಸ್ತೆಯ ಆಸ್ಪತ್ರೆಗೆ ಕರೆತಂದಿದ್ದಳು. ಸ್ಕ್ಯಾನಿಂಗ್‌ನಲ್ಲಿ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತ್ತು. ಬೆನ್ನಿನ ಮೂಳೆಗೂ ಅದು ಇಳಿದಿತ್ತು.

ತಮ್ಮೂರು ಭದ್ರಾವತಿಗೆ ಮರಳುವ ಬಸ್ಸಿನಲ್ಲಿ ಮೂರ್ತಪ್ಪ, “ಯಾಕೆ ಹಾಗಂದೆ ಮಾರಾಯ್ತಿ?” ಎಂದ.

“ಹೇಳಿದ್ರೆ ಡಾಕ್ಟ್ರು ಬೈತಿದ್ರು ಕಣ್ರೀ. ಮಗಳ ಮುಂದೆ ನೀವು ಬೈಸ್ಕೊಳ್ಳೋದನ್ನ ನಾನು ನೋಡ್ಬೇಕಿತ್ತಾ?” ಎಂದು ಹಾಲಮ್ಮ ಕಿಟಕಿಗೆ ತಲೆಯಾನಿಸಿದಳು.

ಆ ದಿನದಿಂದ ಮೂರ್ತಪ್ಪನಿಗೆ ಅನ್ನ ಸೇರಲಿಲ್ಲ. ಅವನು ಇಪ್ಪತ್ತೆಂಟು ವರ್ಷ ಕಾಗದದ ಕಾರ್ಖಾನೆಯಲ್ಲಿ ದುಡಿದವನು. ಅದು ಮುಚ್ಚಿದ ಮೇಲೂ ಗಂಡ ಹೆಂಡತಿ ಕಾರ್ಖಾನೆಯ ಕಾಲೊನಿ ಕಾಗದನಗರದ ಮಗ್ಗುಲಲ್ಲೇ ಬಾಡಿಗೆ ಮನೆ ಹಿಡಿದು ಉಳಿದಿದ್ದರು. ಕಾರ್ಖಾನೆಯ ಒಳಗೆ ಬೀಡಿ ಸೇದುವಂತಿರಲಿಲ್ಲ. ರಾಶಿ ರಾಶಿ ಬಿದಿರು, ಬೆಟ್ಟದಷ್ಟು ಕಾಗದ. ಒಂದು ಕಿಡಿ ಸಾಕಿತ್ತು. ಗೇಟಿನಲ್ಲಿ ವಾಚ್‌ಮನ್ ಜೇಬು ತಡಕಿ ಬೆಂಕಿಪೊಟ್ಟಣ ತೆಗೆದಿಟ್ಟುಕೊಳ್ಳುತ್ತಿದ್ದ. ಎಂಟು ಗಂಟೆಯ ಪಾಳಿ ಪೂರ್ತಿ ಮೂರ್ತಪ್ಪ ಚಪಲ ತಡೆದುಕೊಂಡಿರುತ್ತಿದ್ದ. ಮನೆಗೆ ಬಂದವನೇ ಮಂಚದ ಮೇಲೆ ಕೂತು ಒಂದರ ಹಿಂದೊಂದು ಹಚ್ಚುತ್ತಿದ್ದ. ಮಳೆಗಾಲದಲ್ಲಿ ಕಿಟಕಿ ಮುಚ್ಚಿರುತ್ತಿತ್ತು. ಕೂಸಾಗಿದ್ದ ಸುಪ್ರಿಯಾಳ ತೊಟ್ಟಿಲನ್ನು ಹಾಲಮ್ಮ ಅಡುಗೆಮನೆಗೆ ಎಳೆದುಕೊಂಡು ಹೋಗುತ್ತಿದ್ದಳು. ತಾನು ಮಾತ್ರ ಮತ್ತೆ ಬಂದು, ಅವನ ಊಟ ಮುಗಿಯುವವರೆಗೆ, ಊಟದ ಮೇಲಿನ ಬೀಡಿ ಮುಗಿಯುವವರೆಗೆ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದಳು. ದಿನಕ್ಕೆ ಅವಳಿಗೆ ಅವನು ಸಿಗುತ್ತಿದ್ದುದು ಅಷ್ಟೇ ಹೊತ್ತು.

ಕಾಗದಕ್ಕಾಗಿ ತಡೆದುಕೊಂಡೆ, ಇವಳಿಗಾಗಿ ಒಂದು ದಿನವೂ ತಡೆದುಕೊಳ್ಳಲಿಲ್ಲ. ಈ ಯೋಚನೆ ಅವನನ್ನು ಕೂತಲ್ಲಿ ಕೂರಗೊಡಲಿಲ್ಲ.

ಮೂರನೇ ದಿನ ಯಾರಿಗೂ ಹೇಳದೆ ಒಬ್ಬನೇ ಶಿವಮೊಗ್ಗದ ಬಸ್ಸು ಹತ್ತಿದ. ಡಾಕ್ಟರ ಮುಂದೆ ನಿಂತು, “ಮೇಡಂ, ಆವತ್ತು ಅವ್ಳು ಹೇಳಿದ್ದು ಸುಳ್ಳು. ಸೇದೋದು ನಾನು. ಬರ್ಕೊಳ್ಳಿ” ಎಂದ.

ಡಾಕ್ಟರು ಬೈಯಲಿಲ್ಲ. ಕೂರಲು ಹೇಳಿದರು.

“ನನ್ನಿಂದ್ಲೇ ಬಂತಾ?”

“ಒಬ್ಬರ ವಿಷಯದಲ್ಲಿ ಹೀಗೇ ಅಂತ ಹೇಳಕ್ಕಾಗಲ್ಲ ಯಜಮಾನ್ರೆ. ಆದ್ರೆ ಪಕ್ಕದಲ್ಲಿ ಕೂತು ಹೊಗೆ ಕುಡಿದವ್ರಿಗೂ ಈ ಕಾಯಿಲೆ ಬರೋದು ಜಾಸ್ತಿ. ಪ್ರಪಂಚದಲ್ಲಿ ವರ್ಷಕ್ಕೆ ತಂಬಾಕಿನಿಂದ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಹೋಗ್ತಾರೆ. ಅವ್ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಯಾವತ್ತೂ ಸೇದಿದವ್ರೇ ಅಲ್ಲ.”

ಹೌದು ಎಂದಿದ್ದರೂ ಆಗುತ್ತಿತ್ತು, ಇಲ್ಲ ಎಂದಿದ್ದರೂ ಆಗುತ್ತಿತ್ತು. ಎರಡೂ ಅಲ್ಲದ ಈ ಉತ್ತರವನ್ನು ಹೊತ್ತುಕೊಂಡು ಬದುಕುವುದು ಹೇಗೆಂದು ಮೂರ್ತಪ್ಪನಿಗೆ ತಿಳಿಯಲಿಲ್ಲ. ಡಾಕ್ಟರು ಅವನನ್ನು ತಂಬಾಕು ಬಿಡಿಸುವ ವಿಭಾಗಕ್ಕೆ ಕಳಿಸಿದರು. ಅಲ್ಲಿನ ಆಪ್ತಸಮಾಲೋಚಕ ನಿರಂಜನ ಅವನ ಮಾತನ್ನೆಲ್ಲ ಕೇಳಿ, ಚಪಲ ತಡೆಯಲು ಜಗಿಯುವ ಗಮ್ ಕೊಟ್ಟು, ವಾರಕ್ಕೊಮ್ಮೆ ಬರಲು ಹೇಳಿದ. ಮೂರ್ತಪ್ಪನಿಗೆ ಸಿಡುಕು ಹತ್ತಿತು, ನಿದ್ದೆ ಕೆಟ್ಟಿತು. ಆದರೂ ಮತ್ತೆ ಬೀಡಿ ಮುಟ್ಟಲಿಲ್ಲ.

“ನಿಮ್ಮ ಅಂಗಿ ವಾಸನೆನೇ ಹೋಗ್ಬಿಟ್ಟಿದೆ. ಯಾರೋ ಬೇರೆಯವ್ರು ಬಂದು ಕೂತಂಗಾಗುತ್ತೆ” ಎಂದು ಹಾಲಮ್ಮ ಒಂದು ಮಧ್ಯಾಹ್ನ ನಕ್ಕಳು. ನಗು ಕೆಮ್ಮಾಗಿ, ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮೂರ್ತಪ್ಪ ಅವಳ ಬೆನ್ನು ನೀವುತ್ತ ಕೂತ. ಬೆನ್ನಿನ ಎಲುಬುಗಳೆಲ್ಲ ಕೈಗೆ ಸಿಗುತ್ತಿದ್ದವು.

ಕಾಯಿಲೆ ಗೊತ್ತಾದ ಏಳನೆಯ ತಿಂಗಳಲ್ಲಿ, ಆರೈಕೆಗೆಂದು ಹೋಗಿದ್ದ ಮಗಳ ಮನೆಯಲ್ಲಿ, ಗಂಜಿ ಕುಡಿಸುತ್ತಿದ್ದಾಗಲೇ ಹಾಲಮ್ಮ ಹೋಗಿಬಿಟ್ಟಳು. ಅವಳಿಗೆ ಐವತ್ತೊಂಬತ್ತು.

ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಸುಪ್ರಿಯಾ ಅಪ್ಪನ ಎದುರು ಕೂತಳು. “ಅಪ್ಪಾಜಿ, ಆವತ್ತು ಡಾಕ್ಟರ ಮುಂದೆ ಅಮ್ಮ ನನ್ನ ಕೈ ಹಿಡ್ಕೊಂಡಿದ್ಲು, ಅದಕ್ಕೆ ನಾನು ಸುಮ್ಮನಿದ್ದೆ. ನಿಮ್ಮ ಕೈ ಯಾರು ಹಿಡ್ಕೊಂಡಿದ್ರು?”

ಮೂರ್ತಪ್ಪ ತಲೆ ಎತ್ತಲಿಲ್ಲ. “ನಾಚಿಕೆ ಆಯ್ತು ಕಣಮ್ಮ” ಎಂದ. ಆಮೇಲೆ ತಾನು ಡಾಕ್ಟರ ಬಳಿ ಒಬ್ಬನೇ ಹೋಗಿದ್ದನ್ನು ಹೇಳಿದ.

ಸುಪ್ರಿಯಾ ಬಹಳ ಹೊತ್ತು ಅತ್ತಳು. ಕಣ್ಣು ಒರೆಸಿಕೊಂಡು, “ನಿಮ್ಮನ್ನ ನಾನು ಕೈ ಬಿಡಲ್ಲ. ಊಟಕ್ಕೆ, ಔಷಧಿಗೆ ಏನೂ ಕಮ್ಮಿ ಮಾಡಲ್ಲ. ಆದ್ರೆ ಕ್ಷಮಿಸಿದ್ದೀಯಾ ಅಂತ ಮಾತ್ರ ಕೇಳ್ಬೇಡಿ” ಎಂದಳು. ಅವನು ಕೇಳಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ನಿರಂಜನನ ಫೋನು ಬಂತು. ಭದ್ರಾವತಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಗಾರರಿಗೆ ತಂಬಾಕು ಬಿಡಿಸುವ ಶಿಬಿರವಿದೆ, ಎರಡು ಮಾತಾಡ್ತೀರಾ ಎಂದು ಕೇಳಿದ. ಮೂರ್ತಪ್ಪ ಹೋದ. ಮೂವತ್ತು ನಲವತ್ತು ಜನ ನೆಲದ ಮೇಲೆ ಕೂತಿದ್ದರು. ಎದ್ದು ನಿಂತಾಗ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

“ನನ್ನ ಹೆಂಡ್ತಿ ಹೆಸ್ರು ಹಾಲಮ್ಮ. ಅವ್ಳು ಒಂದು ಬೀಡಿನೂ ಸೇದಿದವಳಲ್ಲ. ನಾನು ಮನೆ ಒಳಗೆ ಸೇದ್ತಿದ್ದೆ” ಎಂದ. ನಿರಂಜನ ನೀರು ತಂದುಕೊಟ್ಟ.

ಹಿಂದಿನ ಸಾಲಿನಲ್ಲಿದ್ದ ಇಬ್ಬರು ಎದ್ದು ಹೊರಗೆ ಹೋದರು. ಮುಂದೆ ಕೂತಿದ್ದ ಒಬ್ಬ ವೆಲ್ಡರ್ ಕತ್ತು ಎತ್ತಿ, “ಸರ್, ಮನೇಲಿ ಸಣ್ಣ ಮಗು ಇದೆ. ಬಾಗಿಲ ಹೊರಗೆ ನಿಂತು ಸೇದಿದ್ರೆ ಆಗುತ್ತಾ?” ಎಂದು ಕೇಳಿದ.

“ಆಗಲ್ಲಪ್ಪ” ಎಂದು ಮೂರ್ತಪ್ಪ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತುಕೊಂಡ.